“ಡಾಕ್ಟ್ರೇ, ಈ ಹಲ್ಲು ಎಷ್ಟು ವರ್ಷ ಬರ್ತದೆ?”

ಶೆಟ್ರು ಎಕ್ಸ್‌ರೇ ಫಿಲ್ಮನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಐನೂರರ ನೋಟನ್ನು ಹೀಗೇ ನೋಡಿದ ಅಭ್ಯಾಸ. ಮುಂಬೈಯಲ್ಲಿ ಶೆಟ್ರು ಅಂತ ಕರೆಸಿಕೊಳ್ಳುವವರು ಎಷ್ಟು ಸಾವಿರ ಮಂದಿಯೋ, ಹಾಗಾಗಿ ಇಷ್ಟು ಹೇಳಿದರೆ ಇವರ ಗುರುತು ಯಾರಿಗೂ ಹತ್ತುವುದಿಲ್ಲ. ವಯಸ್ಸು 58, ಊರು ಕುಂದಾಪುರದ ಕಡೆ, ಮನೆ ಮುಂಬೈಯ ಲಾಲ್‌ಬಾಗಿನ ಹಳೇ ಚಾಳಿನಲ್ಲಿ, ಅಂದರೆ ಸಾಲು ಸಾಲು ಕೋಣೆಗಳ ಹಳೇ ಕಟ್ಟಡದಲ್ಲಿ.

“ಡಾಕ್ಟ್ರೇ, ಸುತ್ತುಬಳಸಿ ಮಾತು ಬೇಡ. ಈ ಹಲ್ಲು ಎಷ್ಟು ವರ್ಷ ಬರ್ತದೆ?”

ತೋರಿಸಿದ್ದು ಮೇಲಿನ ಸಾಲಿನ ಮುಂದಿನ ಹಲ್ಲು. ಮೇ ತಿಂಗಳಲ್ಲಿ ಊರಲ್ಲಿ ಮಗಳ ಮದುವೆ. ಫೋಟೊದವನು ನಗಿ ಅಂದರೆ ನಗಬೇಕಲ್ಲ. ಅಷ್ಟರೊಳಗೆ ಬೀಳುವುದಾದರೆ ಈಗಲೇ ಕೀಳಿಸಿ ಬೇರೆ ಕಟ್ಟಿಸಿಕೊಳ್ಳುವುದು, ಬೀಳದಿದ್ದರೆ ಆ ದುಡ್ಡು ಮದುವೆ ಖರ್ಚಿಗೆ. ಅವರಿಗೆ ನನ್ನಿಂದ ಬೇಕಾಗಿದ್ದದ್ದು ಒಂದು ತಾರೀಖು, ಅಷ್ಟೆ.

ವಸಡಿನ ಡಾಕ್ಟರಾದ ನನಗೆ ಈ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಬರುತ್ತದೆ. ತಾರೀಖು ಹೇಳುವುದು ಯಾರ ಕೈಯಲ್ಲೂ ಆಗದು. ಹಾಗಂತ “ಏನೂ ಹೇಳಕ್ಕಾಗಲ್ಲ” ಅಂತ ಕೈಚೆಲ್ಲಿದರೆ ಅದೂ ಸುಳ್ಳೇ. ಈ ಹಲ್ಲು ಉಳಿಯುತ್ತದೆ ಅನ್ನುವುದರಲ್ಲಿ ನಾವು ಗಟ್ಟಿಗರು. ಹೋಗುತ್ತದೆ ಅನ್ನುವುದರಲ್ಲಿ ಮಾತ್ರ ಹೆಚ್ಚುಕಡಿಮೆ ಕವಡೆ ಹಾಕುವವರು. ಒಂದೇ ಕಣ್ಣು, ಒಂದೇ ಎಕ್ಸ್‌ರೇ, ಆದರೂ ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಅಂದಾಜು. ಇದು ಹೇಗಾಗುತ್ತದೆ ಅನ್ನುವುದನ್ನು ಶೆಟ್ರಿಗೆ ಹೇಳಿದ ಕ್ರಮದಲ್ಲೇ ಹೇಳುತ್ತೇನೆ. ಅವರಿಗೆ ಅರ್ಧ ಗಂಟೆ ಹಿಡಿಯಿತು, ಹೊರಗೆ ಕಾಯುತ್ತಿದ್ದವರು ಬೈದುಕೊಂಡರು.

ಹಲ್ಲು ಮೂಳೆಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ ಕಂಬವಲ್ಲ. ಬೇರಿಗೂ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳಿವೆ, ಹಲ್ಲು ಅವುಗಳಲ್ಲಿ ತೊಟ್ಟಿಲ ಹಾಗೆ ತೂಗಿಕೊಂಡಿರುತ್ತದೆ. ವಸಡಿನ ಅಂಚಿನಲ್ಲಿ ಕಟ್ಟುವ ಬಿಳಿ ಲೋಳೆಗೆ ನಾವು ಪ್ಲಾಕ್ ಅನ್ನುತ್ತೇವೆ. ಅದು ಬ್ಯಾಕ್ಟೀರಿಯಾಗಳ ವಠಾರ. ತೆಗೆಯದೆ ಬಿಟ್ಟರೆ ವಸಡು ಕೆಂಪಾಗಿ ಊದಿ ರಕ್ತ ಬರುತ್ತದೆ. ಇದು ಜಿಂಜಿವೈಟಿಸ್. 1965ರಲ್ಲಿ ಹಾರಾಲ್ಡ್ ಲೋ ಅನ್ನುವ ನಾರ್ವೆ ಮೂಲದ ವಿಜ್ಞಾನಿ 12 ಮಂದಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿ ನೋಡಿದರು. ಮೂರು ವಾರದೊಳಗೆ ಹನ್ನೆರಡೂ ಮಂದಿಗೆ ವಸಡು ಊತ ಬಂತು, ಉಜ್ಜಲು ಶುರು ಮಾಡಿದ ಮೇಲೆ ಹೋಯಿತು. ಇಲ್ಲಿಯವರೆಗೆ ಎಲ್ಲರೂ ಸಮಾನರು.

ಮುಂದಿನ ಹಂತ ಪೆರಿಯೊಡಾಂಟೈಟಿಸ್. ಊತ ಒಳಗಿಳಿದು ನಾರು ಹರಿದು, ಮೂಳೆ ಕರಗಿ, ಹಲ್ಲಿಗೂ ವಸಡಿಗೂ ನಡುವೆ ಜೇಬಿನಂಥ ಸಂದಿ ಆಗುತ್ತದೆ, ಅದಕ್ಕೆ ನಾವು ಪಾಕೆಟ್ ಅನ್ನುತ್ತೇವೆ. ಮೂಳೆಯನ್ನು ತಿನ್ನುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ. ಅವನ್ನು ಹೊಡೆಯಲು ನಮ್ಮ ಮೈಯೇ ಕಳಿಸಿದ ಸೈನ್ಯ ಮಾಡುವ ಹಾನಿ ಅದಕ್ಕಿಂತ ದೊಡ್ಡದು. ನೋವಿಲ್ಲ, ಹಾಗಾಗಿ ಜನ ಬರುವುದು ಹಲ್ಲು ಅಲ್ಲಾಡಿದ ಮೇಲೆ. ಹೋದ ಮೂಳೆ ಬಹುಪಾಲು ವಾಪಸ್ ಬರುವುದಿಲ್ಲ.

ಜಿಂಜಿವೈಟಿಸ್ ಎಲ್ಲರಿಗೂ ಒಂದೇ ರೀತಿ ಬರುತ್ತದೆ, ಪೆರಿಯೊಡಾಂಟೈಟಿಸ್ ಮಾತ್ರ ಹಾಗಲ್ಲ. ಇದು ಚೆನ್ನಾಗಿ ಗೊತ್ತಾದದ್ದು ಶ್ರೀಲಂಕಾದ ಟೀ ತೋಟಗಳಲ್ಲಿ. ಅದೇ ಲೋ ಮತ್ತು ಸಂಗಡಿಗರು 1970ರಿಂದ 15 ವರ್ಷ 480 ತಮಿಳು ಕೂಲಿಕಾರರ ಬಾಯಿ ನೋಡಿದರು. ಅವರಲ್ಲಿ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರ ಮುಖ ಯಾರೂ ಕಂಡಿರಲಿಲ್ಲ, ಎಲ್ಲರ ಹಲ್ಲಿನಲ್ಲೂ ಪಾಚಿ, ಗಾರೆ. ಒಂದೇ ಕೊಳೆ, ಒಂದೇ ಅನ್ನ, ಒಂದೇ ಕೆಲಸ. ಆದರೂ ಸುಮಾರು ಶೇಕಡಾ 8 ಮಂದಿಗೆ ಕಾಯಿಲೆ ಓಡೋಡಿ ಬಂತು. ಅವರಿಗೆ 35 ವರ್ಷಕ್ಕೆ 12 ಹಲ್ಲು, 40ಕ್ಕೆ 20 ಹಲ್ಲು ಹೋಗಿದ್ದವು, 45ಕ್ಕೆ ಬಾಯಿ ಪೂರ್ತಿ ಖಾಲಿ. ಶೇಕಡಾ 81 ಮಂದಿಗೆ ನಿಧಾನವಾಗಿ ಬಂತು, 45ರ ಹೊತ್ತಿಗೆ ಸರಾಸರಿ 7 ಹಲ್ಲು ಹೋದವು. ಉಳಿದ ಶೇಕಡಾ 11 ಮಂದಿಗೆ ವಸಡು ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮುಂದೆ ಯಾರ ಹಲ್ಲು ಹೋಗುತ್ತದೆ ಅನ್ನುವ ಪ್ರಶ್ನೆಗೆ ಕೊಳೆ ಎಷ್ಟಿದೆ ಅನ್ನುವುದೊಂದೇ ಉತ್ತರವಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು. “ನಮ್ಮ ಅಜ್ಜ ಮಾವಿನೆಲೆಯಲ್ಲಿ ತಿಕ್ಕಿ ತೊಂಬತ್ತರವರೆಗೆ ಕಬ್ಬು ಜಗಿದ್ರು” ಅನ್ನುವವರ ಅಜ್ಜ ಬಹುಶಃ ಆ ಹನ್ನೊಂದರಲ್ಲಿ ಒಬ್ಬರು. ಮೊಮ್ಮಗ ಯಾವ ಗುಂಪಿನವನು ಅಂತ ಅಜ್ಜನನ್ನು ನೋಡಿ ಹೇಳಲಾಗದು.

ಹಾಗಾದರೆ ಹೇಗೆ ಹೇಳುವುದು? ಅಳೆದು. ಪ್ರೋಬ್ ಅಂತ ಒಂದು ಕಡ್ಡಿ ಇದೆ. ತುದಿ ಮೊಂಡು, ಮೈಮೇಲೆ ಮಿಲಿಮೀಟರಿನ ಗೆರೆ. ಹಲ್ಲಿಗೂ ವಸಡಿಗೂ ನಡುವೆ ಅದನ್ನು ಮೆಲ್ಲಗೆ ಇಳಿಸಬೇಕು, 25 ಗ್ರಾಂ ತೂಕದಷ್ಟೇ ಒತ್ತಡ. ಒಂದು ಹಲ್ಲಿಗೆ ಆರು ಕಡೆ ಅಳತೆ: ಹೊರಬದಿ ಮೂರು, ಒಳಬದಿ ಮೂರು. 28 ಹಲ್ಲಿಗೆ 168. ನಾನು ಅಂಕೆ ಹೇಳುತ್ತಾ ಹೋಗುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾಳೆ. ಅವಳು ಮರಾಠಿಯವಳು, ಹಾಗಾಗಿ ಶೆಟ್ರ ಎಡಗಡೆ ಮೇಲಿನ ಮೊದಲ ದವಡೆ ಹಲ್ಲಿನ ಲೆಕ್ಕ ಹೀಗೆ ಹೋಯಿತು: “ತೀನ್, ತೀನ್, ಪಾಚ್. ಚಾರ್, ಸಹಾ, ಸಾತ್.” ಅಂದರೆ 3, 3, 5, ಆಮೇಲೆ 4, 6, 7.

ಪಾಚ್ ಅಂದಾಗ ಶೆಟ್ರ ಹುಬ್ಬು ಏರಿತು. ಸಾತ್ ಅಂದಾಗ ಕೈಯೆತ್ತಿ ನಿಲ್ಲಿಸಿದರು. “ಡಾಕ್ಟ್ರೇ, ಇದು ಮಾರ್ಕಾ, ಬಿಲ್ಲಾ?”

ಬಿಲ್ಲೇ. 3ರವರೆಗೆ ಆರೋಗ್ಯ, 4 ಬಂದರೆ ಗಮನ, 6 ದಾಟಿದರೆ ಅಲ್ಲಿಗೆ ಬ್ರಷ್ಷೂ ಹೋಗುವುದಿಲ್ಲ, ಬಾಯಿ ಮುಕ್ಕಳಿಸುವ ಔಷಧಿಯೂ ಹೋಗುವುದಿಲ್ಲ. ಆದರೆ ಪಾಕೆಟ್ಟಿನ ಆಳ ಒಂದೇ ಕತೆ ಹೇಳುವುದಿಲ್ಲ. ಅವರು ತೋರಿಸಿದ ಮುಂದಿನ ಹಲ್ಲಿನ ಪಾಕೆಟ್ ಬರೀ 3. ವಸಡು ಮಾತ್ರ ಬೇರಿನ ಮೇಲೆ 4 ಮಿಲಿಮೀಟರ್ ಸರಿದುಹೋಗಿತ್ತು. ಅಂದರೆ ಬೇರಿನ ಮೇಲೆ ನಾರಿನ ಹಿಡಿತ ಒಟ್ಟು 7 ಮಿಲಿಮೀಟರ್ ಕಳೆದುಹೋಗಿದೆ. ದವಡೆ ಹಲ್ಲಿನಲ್ಲೂ 7, ಇಲ್ಲೂ 7. ಎರಡೂ ಒಂದೇ ಅಲ್ಲ.

2005ರ ಜುಲೈ 26ರ ಮಳೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಅವತ್ತು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ನೀರು ಇಲ್ಲಿಯವರೆಗೆ ಬಂದಿತ್ತು ಅಂತ ಎಷ್ಟೋ ಮನೆಗಳ ಗೋಡೆಯಲ್ಲಿ ಕಲೆ ಉಳಿಯಿತು. ಕಳೆದುಹೋದ ಹಿಡಿತ ಆ ಗೋಡೆಯ ಕಲೆ. ಪಾಕೆಟ್ ಅಂದರೆ ಇವತ್ತು ಮನೆಯೊಳಗೆ ನಿಂತಿರುವ ನೀರು. ಮುಂದಿನ ಹಲ್ಲಿನಲ್ಲಿ ಕಲೆ ಇದೆ, ನೀರಿಲ್ಲ. ದವಡೆ ಹಲ್ಲಿನಲ್ಲಿ ನೀರು ಇನ್ನೂ ನಿಂತಿದೆ. ಶೆಟ್ರಿಗೆ ಭಯ ಇದ್ದದ್ದು ಕಲೆಯ ಬಗ್ಗೆ, ಯಾಕೆಂದರೆ ಕನ್ನಡಿಯಲ್ಲಿ ಕಾಣುವುದು ಅದೇ.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದಕ್ಕೆ ಕೈಗೆ ಸಿಗುವ ಅಗ್ಗದ ಸುಳಿವು ರಕ್ತ. ಪ್ರೋಬ್ ತೆಗೆದ ಮೇಲೆ ಅರ್ಧ ನಿಮಿಷದಲ್ಲಿ ಅಲ್ಲಿ ಚುಕ್ಕೆಯಷ್ಟು ರಕ್ತ ಬರುತ್ತದೆಯೇ ನೋಡುವುದು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಲಾಂಗ್ ಮತ್ತು ಸಂಗಡಿಗರು 1986ರಲ್ಲಿ ಇದರ ಲೆಕ್ಕ ಕೊಟ್ಟರು. ಸತತ ನಾಲ್ಕು ತಪಾಸಣೆಯಲ್ಲೂ ರಕ್ತ ಬಂದ ಜಾಗಗಳಲ್ಲಿ ಶೇಕಡಾ 30ರಷ್ಟು ಕಡೆ ಮುಂದೆ ಹಿಡಿತ ಕಳೆದುಹೋಯಿತು. ನಾಲ್ಕರಲ್ಲಿ ಒಮ್ಮೆಯೂ ರಕ್ತ ಬಾರದ ಕಡೆ ಆದದ್ದು ಶೇಕಡಾ 1.5 ಮಾತ್ರ. ಈ ಎರಡು ಅಂಕೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ರಕ್ತ ಬರಲಿಲ್ಲ ಅಂದರೆ ನೂರರಲ್ಲಿ ತೊಂಬತ್ತೆಂಟು ಸಲ ನೆಮ್ಮದಿಯಾಗಿ ಮಲಗಬಹುದು. ಪ್ರತಿ ಸಲ ರಕ್ತ ಬಂದರೂ ಕೆಡುವುದು ಮೂರರಲ್ಲಿ ಒಂದಕ್ಕಿಂತ ಕಡಿಮೆ. “ಇಲ್ಲ” ಅನ್ನುವ ಉತ್ತರ ಗಟ್ಟಿ, “ಹೌದು” ಅನ್ನುವ ಉತ್ತರ ಸಡಿಲ. ಹಲ್ಲಿನ ಭವಿಷ್ಯದ ಲೆಕ್ಕವೆಲ್ಲ ಈ ಸೊಟ್ಟ ತಕ್ಕಡಿಯ ಮೇಲೇ ನಿಂತಿದೆ.

ಇದರಲ್ಲೂ ಒಂದು ಮೋಸ ಇದೆ. ಸಿಗರೇಟು, ಬೀಡಿ ಸೇದುವವರ ವಸಡಿನಲ್ಲಿ ರಕ್ತ ಸುಲಭಕ್ಕೆ ಬರುವುದಿಲ್ಲ, ಹೊಗೆ ಅದನ್ನು ಅಡಗಿಸಿಡುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಮೇಲೆ ವಸಡು ತಣ್ಣಗೆ ಕೂತಿರುತ್ತದೆ. ಕಳೆದ ವರ್ಷ ಒಬ್ಬರು ಸಿಗರೇಟು ಬಿಟ್ಟು ಎರಡು ತಿಂಗಳಿಗೆ ಸಿಟ್ಟಿನಿಂದಲೇ ಬಂದಿದ್ದರು: “ನಿಮ್ಮ ಮಾತು ಕೇಳಿ ಬಿಟ್ಟೆ, ಈಗ ಉಜ್ಜಿದ್ರೆ ರಕ್ತ ಬರ್ತದೆ. ಸೇದುವಾಗ್ಲೇ ಆರಾಮ ಇತ್ತು ಮಾರಾಯ್ರೆ.” ರಕ್ತ ಬಂದದ್ದು ವಸಡಿಗೆ ಜೀವ ಮರಳಿದ ಗುರುತು ಅಂತ ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

ಈಗ ಹಲ್ಲು ಹೋಗುವ ಲೆಕ್ಕಕ್ಕೆ ಬರೋಣ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸುವ ಲೆಕ್ಕ 1978ರದು. ಅಮೆರಿಕದ ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ತಮ್ಮಲ್ಲಿ ವಸಡಿನ ಚಿಕಿತ್ಸೆ ಪಡೆದು, ಆಮೇಲೂ ತಪ್ಪದೆ ತಪಾಸಣೆಗೆ ಬರುತ್ತಿದ್ದ 600 ಮಂದಿಯನ್ನು ಸರಾಸರಿ 22 ವರ್ಷ ಹಿಂಬಾಲಿಸಿ ಲೆಕ್ಕ ಬರೆದರು. ಶುರುವಿನಲ್ಲಿ ಇದ್ದ ಹಲ್ಲು 15,666. ಹೋದದ್ದು 1,312, ಅದರಲ್ಲಿ ವಸಡಿನ ಕಾಯಿಲೆಯಿಂದ 1,110. ಭಾಗಿಸಿ ನೋಡಿ: ಒಬ್ಬರಿಗೆ ಹತ್ತು ವರ್ಷಕ್ಕೆ ಸುಮಾರು ಒಂದು ಹಲ್ಲು. ವಸಡಿನ ಕಾಯಿಲೆ ಇದೆ ಅಂದ ಕೂಡಲೇ ಸೆಟ್ ಹಲ್ಲಿನ ಕನಸು ಕಾಣುವವರು ಈ ಅಂಕೆಯನ್ನು ಬರೆದಿಟ್ಟುಕೊಳ್ಳಬೇಕು.

ಸರಾಸರಿಯ ಒಳಗೆ ಇಣುಕಿದರೆ ಬೇರೆಯೇ ಚಿತ್ರ. 600ರಲ್ಲಿ 300 ಮಂದಿಗೆ ವಸಡಿನ ಕಾಯಿಲೆಯಿಂದ ಒಂದು ಹಲ್ಲೂ ಹೋಗಲಿಲ್ಲ. 199 ಮಂದಿಗೆ ಒಂದರಿಂದ ಮೂರು ಹೋದವು. 76 ಮಂದಿಗೆ ನಾಲ್ಕರಿಂದ ಒಂಬತ್ತು. ಕೊನೆಯ 25 ಮಂದಿಗೆ ಮಾತ್ರ ಹತ್ತರಿಂದ ಇಪ್ಪತ್ಮೂರು. ಟೀ ತೋಟದ ಕತೆಯೇ ಇಲ್ಲೂ: ಸ್ವಲ್ಪ ಜನ ಬಹಳ ಹಲ್ಲು ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ಹಲ್ಲು ಹೇಗಿದೆ ಅಂತ ಕೇಳುವ ಮೊದಲು ಈ ಮನುಷ್ಯ ಯಾವ ಗುಂಪಿನವನು ಅಂತ ಕೇಳಬೇಕು.

ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ಮೊದಲ ದಿನವೇ 2,139 ಹಲ್ಲುಗಳ ಎದುರು ಡಾಕ್ಟರು “ಸಂಶಯ” ಅಂತ ಬರೆದಿದ್ದರು. 22 ವರ್ಷದಲ್ಲಿ ಅವುಗಳಲ್ಲಿ ಹೋದದ್ದು 666. ಉಳಿದ 1,473 ಹಲ್ಲುಗಳು ಆ ಸಂಶಯವನ್ನು ಹೊತ್ತುಕೊಂಡೇ ಇಪ್ಪತ್ತೆರಡು ವರ್ಷ ಅನ್ನ ಜಗಿದವು.

1990ರ ದಶಕದಲ್ಲಿ ಟೆಕ್ಸಾಸಿನ ಮೈಕಲ್ ಮೆಕ್‌ಗೈರ್ ತನ್ನದೇ ಭವಿಷ್ಯವಾಣಿಯನ್ನು ಪರೀಕ್ಷೆಗೆ ಒಡ್ಡಿದರು. ಇದಕ್ಕೆ ಧೈರ್ಯ ಬೇಕು. 100 ರೋಗಿಗಳು, 2,484 ಹಲ್ಲು, ಪ್ರತಿ ಹಲ್ಲಿಗೂ ಒಳ್ಳೆಯದು, ಪರವಾಗಿಲ್ಲ, ಕಷ್ಟ, ಸಂಶಯ, ಆಸೆ ಇಲ್ಲ ಅನ್ನುವ ಥರ ಒಂದು ದರ್ಜೆ. ವರ್ಷಗಳ ನಂತರ ಸಂಖ್ಯಾಶಾಸ್ತ್ರಜ್ಞೆ ಮಾರ್ಥಾ ನನ್ ಜೊತೆ ಕೂತು ತಾಳೆ ನೋಡಿದರೆ ಒಟ್ಟು ಶೇಕಡಾ 81ರಷ್ಟು ಸರಿ. ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ “ಒಳ್ಳೆಯದು” ಅನ್ನುವ ಹಲ್ಲುಗಳನ್ನು ಪಕ್ಕಕ್ಕಿಟ್ಟು ಉಳಿದವನ್ನು ಮಾತ್ರ ನೋಡಿದಾಗ ಅದು ಸುಮಾರು ಶೇಕಡಾ 50ಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಡಾಕ್ಟರ ಮಾತು ಬೇಕಾಗುವುದೇ ಆ ಕೆಟ್ಟ ಹಲ್ಲುಗಳಿಗೆ ಅಲ್ಲವೇ?

ಇಲ್ಲಿಗೆ ಬಂದಾಗ ಶೆಟ್ರು, “ನಮ್ಮ ಬಿಲ್ಡಿಂಗಿನ ಕತೆಯೇ ಆಯ್ತು ಇದು” ಅಂದರು. ನಾನು ಕೊಡಬಹುದಾದ ಯಾವ ಉದಾಹರಣೆಗಿಂತ ಅದು ಚೆನ್ನಾಗಿತ್ತು. ಮುಂಬೈಯಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಅಪಾಯದ ಕಟ್ಟಡಗಳ ಪಟ್ಟಿ ಹೊರಡುತ್ತದೆ. ಪಾಲಿಕೆಯ ದರ್ಜೆಗಳಲ್ಲಿ ಸಿ-1 ಅಂದರೆ ಖಾಲಿ ಮಾಡಿಸಿ ಕೆಡವುವುದು, ಸಿ-2 ಅಂದರೆ ದೊಡ್ಡ ರಿಪೇರಿ, ಸಿ-3 ಅಂದರೆ ಸಣ್ಣಪುಟ್ಟ ರಿಪೇರಿ. ಸಿ-2ರಲ್ಲೇ ಎ, ಬಿ ಅಂತ ಎರಡು ಬಗೆ. ಎ ಆದರೆ ಒಂದಷ್ಟು ಭಾಗ ಖಾಲಿ ಮಾಡಬೇಕು, ಬಿ ಆದರೆ ಒಳಗಿದ್ದುಕೊಂಡೇ ರಿಪೇರಿ. ಶೆಟ್ರ ಚಾಳು ಸಿ-2ಬಿ. ಪಕ್ಕದ ಕಟ್ಟಡ ಸಿ-1 ಅಂತ ಬಂತು, ಕೆಡವಿದರು. “ಈಗ ಅದು ಬೀಳುತ್ತಿತ್ತಾ ಇಲ್ವಾ ಅಂತ ಯಾರಿಗೆ ಗೊತ್ತು ಡಾಕ್ಟ್ರೇ? ಬೀಳ್ತದೆ ಅಂದ್ರು, ಕೆಡವಿದ್ರು. ಅಲ್ಲಿಗೆ ಪಟ್ಟಿ ಸರಿ ಅಂತ ಆಯ್ತು.”

ಹಲ್ಲಿನ ಅಂಕಿಅಂಶಕ್ಕೆ ಹಿಡಿದ ಹಳೇ ರೋಗ ಇದೇ. “ಹಲ್ಲು ಹೋಯಿತು” ಅಂತ ದಾಖಲೆಯಲ್ಲಿ ಬರುವುದು ಹೆಚ್ಚಾಗಿ ಹಲ್ಲು ತಾನೇ ಬಿದ್ದದ್ದಲ್ಲ, ಯಾರೋ ಕಿತ್ತದ್ದು. ಕೀಳುವುದು ಒಂದು ನಿರ್ಧಾರ. ಅದರಲ್ಲಿ ಮೂಳೆಯ ಅಳತೆ ಇದೆ, ಜೊತೆಗೆ ಡಾಕ್ಟರ ಕೈಚಳಕ, ರೋಗಿಯ ತಾಳ್ಮೆ, ಕಿಸೆ, ರಜೆ ಎಲ್ಲ ಇವೆ. ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು, ಬಂದ ಮೇಲಂತೂ ಸುಸ್ತಾದ ಹಲ್ಲಿನ ಜೊತೆ ಗುದ್ದಾಡುವುದಕ್ಕಿಂತ ಕಿತ್ತು ಸ್ಕ್ರೂ ಹಾಕುವುದೇ ಸಲೀಸು ಅನ್ನುವ ಮನಸ್ಸು ನಮ್ಮ ವೃತ್ತಿಯಲ್ಲಿ ಬೆಳೆದಿದೆ. ನನಗೆ ಇದು ಇಷ್ಟವಿಲ್ಲ. ವಸಡಿನ ಕಾಯಿಲೆ ಇರುವವರಿಗೆ ಇಂಪ್ಲಾಂಟಿನ ಸುತ್ತಲೂ ಅದೇ ಥರ ಮೂಳೆ ಕರಗುವ ಸಾಧ್ಯತೆ ಹೆಚ್ಚು. ಆಸೆ ಇಲ್ಲ ಅಂತ ಬರೆದ ಹಲ್ಲನ್ನು ಮರುದಿನ ಕಿತ್ತರೆ ಆ ಭವಿಷ್ಯವಾಣಿ ಎಂದೂ ಸುಳ್ಳಾಗದು.

ಕೀಳದೆ ಬಿಟ್ಟರೆ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. ಇಟಲಿಯ ಪಿಯರ್‌ಪಾವ್ಲೊ ಕೊರ್ಟೆಲ್ಲಿನಿ ಮತ್ತು ಸಂಗಡಿಗರು, ಆಸೆಯೇ ಇಲ್ಲದ ಒಂದು ಹಲ್ಲಿರುವ 50 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. 25 ಮಂದಿಗೆ ಆ ಹಲ್ಲು ಕಿತ್ತು ಬೇರೆ ಕಟ್ಟಿದರು. ಉಳಿದ 25 ಮಂದಿಗೆ ಮೂಳೆ ಮತ್ತೆ ಬೆಳೆಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡಿದರು. ಐದು ವರ್ಷದ ಮೇಲೆ ಆ 25ರಲ್ಲಿ 23 ಹಲ್ಲು ಬಾಯಲ್ಲೇ ಇದ್ದವು. ಕೈ ಪಳಗಿದ ತಂಡ, ಆರಿಸಿದ ರೋಗಿಗಳು, ಬಿಗಿಯಾದ ಆರೈಕೆ, ಎಲ್ಲ ನಿಜ. ಎಲ್ಲ ಹಲ್ಲಿಗೂ ಹೀಗಾಗದು. ಆದರೂ “ಆಸೆ ಇಲ್ಲ” ಅನ್ನುವುದು ಹಲ್ಲಿನ ಮೇಲೆ ಮೊದಲೇ ಬರೆದಿಟ್ಟ ಮಾತಲ್ಲ ಅಂತ ತಿಳಿಯಲು ಇಷ್ಟು ಸಾಕು.

ಇಷ್ಟೆಲ್ಲ ಆದ ಮೇಲೆ ದಂತವೈದ್ಯರು ಲೆಕ್ಕದ ರೀತಿಯನ್ನೇ ಬದಲಿಸಿದರು. ಹಲ್ಲು ಯಾವಾಗ ಹೋಗುತ್ತದೆ ಅನ್ನುವುದನ್ನು ಬಿಟ್ಟು, ಕಾಯಿಲೆ ಎಷ್ಟು ವೇಗದಲ್ಲಿ ಓಡುತ್ತಿದೆ, ಅದನ್ನು ಹಿಡಿದು ನಿಲ್ಲಿಸಬಹುದೇ ಅಂತ ಕೇಳತೊಡಗಿದರು. 2018ರಿಂದ ಬಳಕೆಯಲ್ಲಿರುವ ಹೊಸ ವರ್ಗೀಕರಣದಲ್ಲಿ ಹಂತ ಬೇರೆ, ದರ್ಜೆ ಬೇರೆ. ಹಂತ ಅಂದರೆ ಈವರೆಗೆ ಆದ ನಷ್ಟ, ಒಂದರಿಂದ ನಾಲ್ಕು. ದರ್ಜೆ ಅಂದರೆ ವೇಗ: ಎ, ಬಿ, ಸಿ. ಈ ದರ್ಜೆಯ ಲೆಕ್ಕ ಗಲ್ಲಾದಲ್ಲಿ ಕೂತೇ ಮಾಡಬಹುದು. ಎಲ್ಲಕ್ಕಿಂತ ಹೆಚ್ಚು ಕೆಟ್ಟ ಹಲ್ಲಿನಲ್ಲಿ ಬೇರಿನ ಶೇಕಡಾ ಎಷ್ಟು ಭಾಗದ ಮೂಳೆ ಹೋಗಿದೆ ಅಂತ ಎಕ್ಸ್‌ರೇ ನೋಡಿ, ವಯಸ್ಸಿನಿಂದ ಭಾಗಿಸಿ. 0.25ಕ್ಕಿಂತ ಕಡಿಮೆ ಬಂದರೆ ಎ, 1ರವರೆಗೆ ಬಿ, 1 ದಾಟಿದರೆ ಸಿ. ಶೇಕಡಾ 40 ಮೂಳೆ ಹೋದ 75ರ ಅಜ್ಜಿಗೆ 0.53, ಬಿ. ಅಷ್ಟೇ ಮೂಳೆ ಹೋದ 30ರ ಐಟಿ ಹುಡುಗನಿಗೆ 1.33, ಸಿ. ಎಕ್ಸ್‌ರೇ ಎರಡೂ ಒಂದೇ ಥರ ಕಾಣುತ್ತದೆ, ಭಯಪಡಬೇಕಾದವನು ಹುಡುಗ.

ಶೆಟ್ರದು ಶೇಕಡಾ 60, ವಯಸ್ಸು 58. ಲೆಕ್ಕ ಅವರೇ ಬಾಯಲ್ಲಿ ಮಾಡಿದರು: “ಒಂದಕ್ಕಿಂತ ಚೂರು ಜಾಸ್ತಿ.”

ಇದರ ಮೇಲೆ ಎರಡು ಒಗ್ಗರಣೆ. ದಿನಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದಿದರೆ ಸಿ ದರ್ಜೆ. ಸಕ್ಕರೆ ಕಾಯಿಲೆ ಇದ್ದು ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7 ಅಥವಾ ಅದಕ್ಕಿಂತ ಮೇಲಿದ್ದರೂ ಸಿ. ಶೆಟ್ರದು 8.1. ಸಕ್ಕರೆ ವಸಡನ್ನು ಕೆಡಿಸುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತು. ವಸಡಿನ ಚಿಕಿತ್ಸೆ ಮಾಡಿದರೆ ಆ 8.1 ತಾನೇ ಸುಮಾರು 0.4ರಷ್ಟು ಇಳಿಯಬಹುದು ಅನ್ನುವುದು ಗೊತ್ತಿಲ್ಲ. ಒಂದು ಮಾತ್ರೆ ಮಾಡುವಷ್ಟು ಕೆಲಸ ಅದು. ಸಿಗರೇಟಿನ ಲೆಕ್ಕ ಹಾಕಿದವರು ನಮ್ಮ ಊರಿನ ಚಟಗಳನ್ನು ಕಂಡಿರಲಾರರು. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದ ನಿಷೇಧ, ಆದರೂ ಗುಟ್ಕಾ ತಿನ್ನುವ ಬಾಯಿ ನನ್ನ ಕುರ್ಚಿಗೆ ಬರುವುದು ನಿಂತಿಲ್ಲ. ಹುರಿದ ತಂಬಾಕಿನ ಪುಡಿ, ಮಿಶ್ರಿ, ಹಲ್ಲುಪುಡಿಯ ಥರ ಬೆಳಿಗ್ಗೆ ತಿಕ್ಕುವ ಹೆಂಗಸರು ಇಲ್ಲಿ ಎಷ್ಟೋ. ನಮ್ಮ ಕಡೆಯವರದು ಹೊಗೆಸೊಪ್ಪು ಹಾಕಿದ ಎಲೆಅಡಿಕೆ. “ನಾನು ಸೇದುವುದಿಲ್ಲ” ಅಂತ ಬರೆಸುವ ಇವರೆಲ್ಲ ಆ ಪಟ್ಟಿಯಲ್ಲಿ ಶುದ್ಧರಾಗಿ ಕಾಣುತ್ತಾರೆ.

ಮನುಷ್ಯನ ಲೆಕ್ಕ ಆದ ಮೇಲೆ ಹಲ್ಲಿನದು. ಒಂದೇ ಬಾಯಲ್ಲಿ ಎಲ್ಲ ಹಲ್ಲಿಗೂ ಒಂದೇ ಹಣೆಬರಹ ಇಲ್ಲ. ಮೊದಲು ಹೋಗುವುದು ಹೆಚ್ಚಾಗಿ ದವಡೆ ಹಲ್ಲು, ಅದರಲ್ಲೂ ಮೇಲಿನವು. ಅವಕ್ಕೆ ಮೂರು ಬೇರು, ಕೆಳಗಿನವಕ್ಕೆ ಎರಡು. ಮೂಳೆ ಇಳಿದು ಬೇರು ಕವಲೊಡೆಯುವ ಜಾಗ ಬಯಲಾದರೆ ಅದೊಂದು ಗವಿ. ಬ್ರಷ್ಷು ಹೋಗದು, ಎಷ್ಟೋ ಸಲ ನಮ್ಮ ಉಪಕರಣವೂ ಹೋಗದು. ಕವಲು ತೆರೆದ ದವಡೆ ಹಲ್ಲು ಹತ್ತು ಹದಿನೈದು ವರ್ಷದಲ್ಲಿ ಹೋಗುವ ಸಾಧ್ಯತೆ, ತೆರೆಯದ ಹಲ್ಲಿಗಿಂತ ಸುಮಾರು ಎರಡು ಪಟ್ಟು. ಎರಡು ಪಟ್ಟು ಅಂದರೆ ಖಂಡಿತ ಹೋಗುತ್ತದೆ ಅಂತಲ್ಲ. ಹಲ್ಲು ಅಲ್ಲಾಡುವುದೂ ಒಂದು ಲೆಕ್ಕ, ಆದರೆ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಚೂರು ಅಲ್ಲಾಡುತ್ತಾ ಇಪ್ಪತ್ತು ವರ್ಷ ಬಾಳಿದ ಹಲ್ಲುಗಳಿವೆ. ಮೇಲೆ ಕೆಳಗೆ ಒತ್ತಿದರೂ ಕುಸಿದರೆ ಅದು ಬೇರೆ ಮಾತು.

ಈಗ ಕಂಪ್ಯೂಟರಿನ ಕಾಲ. ಮೊನ್ನೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದು, ಎಕ್ಸ್‌ರೇ ಹಾಕಿದರೆ ಯಾವ ಹಲ್ಲು ಹೋಗುತ್ತದೆ ಅಂತ ತಮ್ಮ ಎಐ ಹೇಳುತ್ತದೆ, ಶೇಕಡಾ ತೊಂಬತ್ತಕ್ಕೂ ಹೆಚ್ಚು ನಿಖರ ಅಂದ. ನಾನು ಅವನಿಗೆ ಗಿಳಿಶಾಸ್ತ್ರದ ಕತೆ ಹೇಳಿದೆ. ಹಿರ್ಷ್‌ಫೆಲ್ಡರ 15,666 ಹಲ್ಲುಗಳನ್ನು ಒಂದು ಗಿಳಿಯ ಮುಂದೆ ಸಾಲಾಗಿ ಇಡಿ. ಅದಕ್ಕೆ ಒಂದೇ ಚೀಟಿ ಎತ್ತಲು ಬರುತ್ತದೆ: “ಈ ಹಲ್ಲು ಉಳಿಯುತ್ತದೆ.” ವಸಡಿನ ಕಾಯಿಲೆಯಿಂದ ಹೋದದ್ದು ನೂರಕ್ಕೆ ಏಳು, ಅಂದ ಮೇಲೆ ಗಿಳಿ ನೂರಕ್ಕೆ ತೊಂಬತ್ಮೂರು ಸಲ ಸರಿ. ಹೋಗುವ ಒಂದು ಹಲ್ಲನ್ನೂ ಅದು ಹಿಡಿಯಲಿಲ್ಲ. ಹಾಗಾಗಿ ಕೇಳಬೇಕಾದ್ದು ಎರಡು: ನಿಜವಾಗಿ ಹೋದ ಹಲ್ಲುಗಳಲ್ಲಿ ಎಷ್ಟನ್ನು ಮೊದಲೇ ಹೇಳಿತು? ಹೋಗುತ್ತದೆ ಅಂತ ಹೇಳಿದವುಗಳಲ್ಲಿ ಎಷ್ಟು ನಿಜವಾಗಿ ಹೋದವು? ಹುಡುಗ ಆಮೇಲೆ ಮೇಲ್ ಮಾಡುತ್ತೇನೆ ಅಂದ.

ನನಗೆ ಎಐ ಮೇಲೆ ದ್ವೇಷವಿಲ್ಲ. ಎಕ್ಸ್‌ರೇಯಲ್ಲಿ ಮೂಳೆಯ ಅಂಚನ್ನು ಅಳೆಯುವಂಥ ಬೇಸರದ ಕೆಲಸವನ್ನು ಅದಕ್ಕೆ ಕೊಡಬಹುದು. ನನ್ನ ಅನುಮಾನ ಇರುವುದು ಅದು ಯಾರ ಬಾಯಿ ನೋಡಿ ಕಲಿಯಿತು ಅನ್ನುವುದರಲ್ಲಿ. ಇಂಥ ಲೆಕ್ಕಗಳಿಗೆ ಸಿಗುವವರು ಹೆಚ್ಚಾಗಿ ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದ ಶಿಸ್ತಿನ ರೋಗಿಗಳು. ನಡುವೆ ಬಿಟ್ಟುಹೋದವರು ಲೆಕ್ಕದಿಂದಲೇ ಹೊರಗೆ. ಡಹಾಣುವಿನಿಂದ ಲೋಕಲ್ ಹಿಡಿದು ಬರುವವರು, ಎರಡು ತಿಂಗಳು ಊರಿಗೆ ಹೋಗಿ ಕೂರುವವರು, ಹೋಟೆಲಿಗೆ ವಾರದ ರಜೆಯೇ ಇಲ್ಲದವರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ? ಬೇರೆ ಊರಿನ ಮಳೆ ನೋಡಿ ಕಲಿತವನು ದಾದರಿನಲ್ಲಿ ನೀರು ನಿಲ್ಲುವುದನ್ನು ಹೇಳಹೊರಟ ಹಾಗೆ.

ಶೆಟ್ರಿಗೆ ಕೊನೆಗೆ ಹೇಳಿದ್ದು ಇಷ್ಟು. ಮುಂದಿನ ಹಲ್ಲಿನ ಬಗ್ಗೆ ಚಿಂತೆ ಬೇಡ, ಒಳಗಡೆ ಸಣ್ಣ ತಂತಿ ಹಾಕಿ ಪಕ್ಕದ ಹಲ್ಲಿಗೆ ಕಟ್ಟೋಣ, ಮದುವೆಗೆ ಅದು ಬರುತ್ತದೆ. ಎಡಗಡೆ ಮೇಲಿನ ದವಡೆ ಹಲ್ಲಿನ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಮೊದಲು ಒಳಗಿನ ಗಾರೆ ಕೆರೆದು ತೆಗೆಯೋಣ, ಮೂರು ತಿಂಗಳ ನಂತರ ಮತ್ತೆ ಅಳೆಯೋಣ. ಚಿಕಿತ್ಸೆಗೆ ಮುಂಚಿನ ಅಳತೆ ನೋಡಿ ಹಣೆಬರಹ ಬರೆಯುವುದು, ಜ್ವರ ಇದ್ದ ದಿನ ತೂಕ ನೋಡಿ ಆಯಸ್ಸು ಹೇಳಿದ ಹಾಗೆ. ಹಲ್ಲುಸಂದಿಗೆ ಹಾಕುವ ಸಣ್ಣ ಬ್ರಷ್ಷು ಕೊಟ್ಟೆ. ದಿನಕ್ಕೆ ಆರು ಸಿಗರೇಟಿನ ಬಗ್ಗೆ ಜಗಳ ಮಾಡಿದೆ. ಬಲಗಡೆ ಕೆಳಗಿನ ಹಲ್ಲುಗಳು ಒಳ್ಳೆಯವು, ಅತ್ತ ನೋಡುವ ಅಗತ್ಯವೇ ಇಲ್ಲ ಅಂತಲೂ ಧೈರ್ಯವಾಗಿ ಹೇಳಿದೆ.

ಚಿಕಿತ್ಸೆ ಮುಗಿಸಿ ಹೋದವರು ಮೂರು ತಿಂಗಳಿಗೆ ಬರಲಿಲ್ಲ. ಜೂನ್ ಮಳೆ ಹಿಡಿದ ಮೇಲೆ, ಒದ್ದೆ ಕೊಡೆ ಬಾಗಿಲಲ್ಲಿಟ್ಟು ಒಳಗೆ ಬಂದರು. ಮೊದಲು ಫೋನ್ ತೆಗೆದು ಮದುವೆ ಫೋಟೊ ತೋರಿಸಿದರು. ಮುಂದಿನ ಹಲ್ಲು ಜಾಗದಲ್ಲೇ ಇತ್ತು, ವಸಡು ಇನ್ನೂ ಚೂರು ಮೇಲೆ ಸರಿದು ಹಲ್ಲು ಉದ್ದ ಕಾಣುತ್ತಿತ್ತು. ಊತ ಇಳಿದರೆ ಹಾಗಾಗುತ್ತದೆ. ಆಮೇಲೆ ಬಾಯಿ ತೆರೆದು ಬಲಗಡೆ ಕೆಳಗೆ ಬೆರಳಿಟ್ಟರು. ನಾನು ಒಳ್ಳೆಯದು ಅಂದಿದ್ದ ಹಲ್ಲು ನಡುವೆ ಸೀಳಿತ್ತು. ವರ್ಷಗಳ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸದೆ ಬಿಟ್ಟಿದ್ದ ಹಲ್ಲು, ಮದುವೆ ಮನೆಯ ತಾಂಬೂಲದ ಗೋಟಡಿಕೆ ಸಿಕ್ಕಿ ಇಬ್ಭಾಗವಾಗಿದೆ. ವಸಡನ್ನೇ ನೋಡುತ್ತಾ ನಾನು ಹಲ್ಲನ್ನು ನೋಡಿರಲಿಲ್ಲ. ಆ 1,312ರಲ್ಲಿ ವಸಡಿನ ಲೆಕ್ಕಕ್ಕೆ ಸೇರದ 202 ಹಲ್ಲುಗಳು ಥಟ್ಟನೆ ನೆನಪಾದವು.

ಅದನ್ನು ಕೀಳುವುದಕ್ಕೆ ಮುಂಚೆ ಎಡಗಡೆ ಮೇಲೆ ಪ್ರೋಬ್ ಇಳಿಸಿದೆ. ಸಹಾಯಕಿ ಪೆನ್ನು ಹಿಡಿದು ಕೂತಳು.

“ತೀನ್, ತೀನ್, ಚಾರ್. ಚಾರ್, ಚಾರ್, ಪಾಚ್.”

ಶೆಟ್ರು ಕೈಯೆತ್ತಿದರು. ಬಾಯಿಂದ ನನ್ನ ಕೈ ತೆಗೆಸಿ, “ಅಲ್ಲಿ ಮೊದ್ಲು ಸಾತ್ ಇತ್ತಲ್ಲ?” ಅಂದರು.